ದಾಕ್ಷಿಣ್ಯದ ದರ

ಆಸ್ಪತ್ರೆಯ ಹೊಸ ಕಟ್ಟಡದ ನೆಲಮಾಳಿಗೆಯಲ್ಲಿ ಮಧ್ಯಾಹ್ನ ಊಟಕ್ಕೆ ಕೂತಾಗ ಆ ಮಾತು ಹೊರಬಿತ್ತು. ಕೇಬಲ್ ಖಾಲಿಯಾದ ಮರದ ಉರುಳೆಯೊಂದನ್ನು ಮಗುಚಿ ಮೇಜು ಮಾಡಿಕೊಂಡಿದ್ದರು. ಈಚೆಗೆ ಅವನು, ಆಚೆಗೆ ಉದ್ದಣ್ಣ. ಸ್ಟೂಲ್ ಹತ್ತದೆ ಸೂರು ಮುಟ್ಟುವ ಆಳಾದ್ದರಿಂದ ಎಲ್ಲರ ಬಾಯಲ್ಲೂ ಅವನು ಉದ್ದಣ್ಣನೇ. ಇಬ್ಬರೂ ಎಲೆಕ್ಟ್ರಿಷಿಯನ್‌ಗಳು, ಇಬ್ಬರಿಗೂ ಅದೇ ಕೆಲಸ. ಕಳಿಸಿದ ಏಜೆನ್ಸಿಗಳು ಮಾತ್ರ ಬೇರೆ ಬೇರೆ.

ಉದ್ದಣ್ಣ ಅಗಿಯುತ್ತಲೇ ತನ್ನ ದಿನಗೂಲಿ ಎಷ್ಟೆಂದು ಹೇಳಿದ. ಜಂಬಕ್ಕಲ್ಲ, ಸಾಲುತ್ತಿಲ್ಲ ಎಂದು ಗೊಣಗುವುದಕ್ಕೆ.

"ನಿಂಗೂ ಅಷ್ಟೇ ಅಲ್ವಾ?"

"ಹೂಂ, ಅಷ್ಟೇ," ಎಂದ ಅವನು.

ಅವನಿಗೆ ಸಿಗುತ್ತಿದ್ದದ್ದು ಅದರ ಮುಕ್ಕಾಲು ಪಾಲು. ಉದ್ದಣ್ಣ ಈ ಕಸುಬಿಗೆ ಬಂದದ್ದು ಮೊನ್ನೆ ಮೊನ್ನೆ ಅನ್ನಬೇಕು. ಇವನ ಕೂದಲು ಈ ಕಸುಬಿನಲ್ಲೇ ನರೆತಿತ್ತು. ಊಟವಾದ ಮೇಲೆ ಮುಖ್ಯ ಪ್ಯಾನೆಲ್ ಮುಂದೆ ಮೊಣಕಾಲೂರಿ ಸಂಜೆಯವರೆಗೂ ವೈರು ಜೋಡಿಸಿದ. ಸಿಟ್ಟು ಬರಲಿಲ್ಲ. ಸಿಟ್ಟಿಗೂ ಒಂದಿಷ್ಟು ತ್ರಾಣ ಬೇಕು. ಬಂದದ್ದು ನಾಚಿಕೆ. ಅಂಗಿಯ ಬೆನ್ನು ಹರಿದಿದ್ದರೂ ಗೊತ್ತಾಗದೆ ಇಷ್ಟು ದಿನ ಬೀದಿಯಲ್ಲಿ ಓಡಾಡಿದ ಹಾಗಿನ ನಾಚಿಕೆ.

ಹೆಂಡತಿ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಅವನು ಮನೆಗೆ ಬಂದಾಗ ಅವಳು ಊದಿದ ಪಾದಗಳನ್ನು ಬಿಸಿನೀರಿನ ಬಕೆಟ್‌ನಲ್ಲಿ ಇಳಿಬಿಟ್ಟು ಕೂತಿದ್ದಳು. ಪೂರ್ತಿ ಕೇಳಿಸಿಕೊಂಡು, "ನಿಮ್ಮ ದರ ಗೊತ್ತು ಮಾಡಿದ್ದು ಯಾರು? ಟೆಸ್ಟರ್ ತಾನೆ?" ಎಂದಳು.

ಟೆಸ್ಟರ್ ಅವನ ಹಳೆಯ ಜೊತೆಗಾರ. ಜೇಬಿನಲ್ಲಿ ಸದಾ ಟೆಸ್ಟರ್ ಸಿಕ್ಕಿಸಿಕೊಂಡಿರುತ್ತಿದ್ದನಾದ್ದರಿಂದ ಆ ಹೆಸರು. ಇಬ್ಬರೂ ಎಷ್ಟೋ ವರ್ಷ ಒಬ್ಬ ಏಣಿ ಹಿಡಿದರೆ ಇನ್ನೊಬ್ಬ ಹತ್ತಿ ದುಡಿದಿದ್ದರು. ಒಂದು ದಿನ ಟೆಸ್ಟರ್ ಬಿದ್ದು ಬೆನ್ನು ಕೆಡಿಸಿಕೊಂಡ, ಕಸುಬು ಬಿಟ್ಟ, ಏಜೆನ್ಸಿಯಲ್ಲಿ ಕುರ್ಚಿ ಹಿಡಿದ. ಇವನ ಕಂಪನಿ ಬಾಗಿಲು ಮುಚ್ಚಿದಾಗ ಮೊದಲು ಫೋನ್ ಮಾಡಿ ಕೆಲಸ ಕೊಟ್ಟವನೂ ಅವನೇ. ಅಂಥವನ ಹತ್ತಿರ ಅವತ್ತು ದರದ ಮಾತೆತ್ತಲು ಇವನಿಗೆ ಬಾಯಿ ಬರಲಿಲ್ಲ. ಆಮೇಲೆ ಎತ್ತುವುದು ಇನ್ನೂ ಕಷ್ಟವಾಯಿತು.

"ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರೋ ನೋವು ನಮ್ದೇ," ಎಂದಳು ಹೆಂಡತಿ. "ಹೋಗಿ ಕೇಳಿ."

"ಅವನು ನನ್ನ ಸ್ನೇಹಿತ ಕಣೇ."

"ಅದಕ್ಕೇ ಹೇಳ್ತಿರೋದು. ಬೇರೆಯವನಾಗಿದ್ರೆ ಯಾವತ್ತೋ ಕೇಳಿರ್ತಿದ್ರಿ."

ಶುಕ್ರವಾರ ಅರ್ಧ ದಿನ ರಜೆ ಹಾಕಿ ಹೋದ. ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಏಜೆನ್ಸಿ. ಗೋಡೆಗೆ ಒರಗಿಸಿದ ಕುರ್ಚಿಗಳಲ್ಲಿ ನಾಲ್ಕೈದು ಜನ ಕೆಲಸಕ್ಕಾಗಿ ಕಾಯುತ್ತ, ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು. ಟೆಸ್ಟರ್ ಮೇಜಿಗೆ ಕೈಯೂರಿ ನಿಧಾನಕ್ಕೆ ಎದ್ದ.

"ಬಾರೋ. ಏನು, ಕೆಲಸದ ದಿನ ಈ ಕಡೆ?"

ಬಸ್ಸಿನಲ್ಲಿ ಹೊಂದಿಸಿಕೊಂಡಿದ್ದ ಮಾತೆಲ್ಲ ಮರೆತು ಹೋಗಿತ್ತು. "ನನ್ನ ದರ ಬಂದಾಗಿಂದ ಹಾಗೇ ಇದೆ," ಎಂದಷ್ಟೇ ಅಂದ.

"ಎಲ್ಲರದ್ದೂ ಹಾಗೇ ಇದ್ಯಲ್ಲಪ್ಪ."

"ಉದ್ದಣ್ಣಂದು ಹಾಗಿಲ್ಲ."

"ಅದು ಬೇರೆ ಏಜೆನ್ಸಿ. ಅವರ ಲೆಕ್ಕಾನೇ ಬೇರೆ."

"ಸರಿ. ಇಲ್ಲಿ ಯಾರಿಗಾದ್ರೂ ನನಗಿಂತ ಜಾಸ್ತಿ ಕೊಡ್ತಿದ್ಯಾ?"

ಟೆಸ್ಟರ್ ಮೇಜಿನ ಮೇಲಿದ್ದ ಸ್ಟೇಪ್ಲರನ್ನು ಅತ್ತ ಸರಿಸಿ, ಮತ್ತೆ ಇತ್ತ ಸರಿಸಿದ. ಅವನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ, ಹಳೆಯ ಜೊತೆಗಾರನಲ್ಲಿ ಅಷ್ಟು ಮಾತ್ರ ಉಳಿದಿತ್ತು.

"ಕೊಡ್ತಿದ್ದೀನಿ. ಅವರು ಕೇಳಿದ್ರು. ನೀನು ಕೇಳಲಿಲ್ಲ." ಸ್ಟೇಪ್ಲರ್ ಬಿಟ್ಟು, "ನನ್ನ ತಲೆ ಮೇಲೂ ಒಬ್ರಿದ್ದಾರೆ. ಎಲ್ಲಿ ಎಷ್ಟು ಉಳಿಸ್ದೆ ಅಂತ ಪ್ರತಿ ತಿಂಗಳೂ ಕೇಳ್ತಾರೆ. ನೀನು ಬಿಟ್ಟು ಹೋಗಲ್ಲ ಅಂತ ನಂಗೆ ಗೊತ್ತಿತ್ತು," ಎಂದ.

ಮೆತ್ತಗಿದ್ದಲ್ಲಿ ಮತ್ತೊಂದು ಗುದ್ದು ಅಂದರೆ ಇದೇ ಎಂದುಕೊಂಡ ಅವನು. ಬಿದ್ದ ದಿನ ಟೆಸ್ಟರನ್ನು ಎತ್ತಿಕೊಂಡು ಮೆಟ್ಟಿಲಿಳಿದದ್ದು ನೆನಪಾಯಿತು. ಈಗ ಅದನ್ನಾಡಿದರೆ ಅದಕ್ಕೂ ಕೂಲಿ ಕೇಳಿದ ಹಾಗಾಗುತ್ತದೆ ಎಂದು ನುಂಗಿಕೊಂಡ.

"ಉದ್ದಣ್ಣನಿಗೆ ಸಿಗೋ ಅಷ್ಟು ನನಗೂ ಕೊಡಿ. ಬಸ್ಸಿನ ಖರ್ಚೂ ಸೇರಿಸಿ. ಇಲ್ಲಾಂದ್ರೆ ಸೋಮವಾರದಿಂದ ಬರಲ್ಲ."

ಕೊಡು ಎನ್ನಲಿಲ್ಲ, ಕೊಡಿ ಎಂದಿದ್ದ. ಬೇಕೆಂದು ಆಡಿದ್ದಲ್ಲ, ತಾನಾಗಿ ಬಂದಿತ್ತು. ಟೆಸ್ಟರ್ ಒಂದು ಕ್ಷಣ ಅವನನ್ನೇ ನೋಡಿದ. "ವಿಚಾರಿಸಿ ಹೇಳ್ತೀನಿ," ಎಂದ. ನಿನಗೆ ಅನ್ನಲೂ ಇಲ್ಲ, ನಿಮಗೆ ಅನ್ನಲೂ ಇಲ್ಲ.

ಸೋಮವಾರ ಅವನು ಕೆಲಸಕ್ಕೆ ಹೋಗಲಿಲ್ಲ, ಫೋನೂ ಬರಲಿಲ್ಲ. ಮಂಗಳವಾರವೂ ಇಲ್ಲ. ಅವನು ಉದ್ದಣ್ಣನ ಏಜೆನ್ಸಿಗೆ ಫೋನ್ ಮಾಡಿದ. ಹೆಸರು ಬರೆದುಕೊಂಡಿದ್ದೇವೆ, ಬೇಕಾದಾಗ ತಿಳಿಸುತ್ತೇವೆ ಎಂದರು. ಸುಮ್ಮನೆ ಕೂರಲಾಗದೆ, ವರ್ಷಗಳಿಂದ ಮಿಣುಕುತ್ತಿದ್ದ ಬಚ್ಚಲಿನ ದೀಪ ಸರಿ ಮಾಡಿದ. "ಕೂಲಿ ಜಗಳ ಆಗದಿದ್ರೆ ನಮ್ಮನೇಲಿ ಬೆಳಕೇ ಆಗ್ತಿರ್ಲಿಲ್ಲ," ಎಂದಳು ಹೆಂಡತಿ. ಅವನಿಗೂ ನಗು ಬಂತು.

ಬುಧವಾರ ಬೆಳಿಗ್ಗೆ ಅವನು ಮತ್ತೆ ಮತ್ತೆ ಫೋನ್ ಕೈಗೆತ್ತಿಕೊಳ್ಳುವುದನ್ನು ಅವಳು ನೋಡಿದಳು. ಟೆಸ್ಟರ್‌ಗೆ ಮಾಡಿ, ಹೋಗಲಿ ಬಿಡು, ಹಳೇ ದರಕ್ಕೇ ಬರ್ತೀನಿ ಎಂದುಬಿಡುತ್ತಾನೆಂದು ಅವಳಿಗೆ ಗೊತ್ತಾಯಿತು.

"ಅದನ್ನ ಇಲ್ಲಿ ಕೊಡಿ," ಎಂದಳು. ಫೋನನ್ನು ಚೀಲಕ್ಕೆ ಹಾಕಿಕೊಂಡು ಲಾಂಡ್ರಿಗೆ ಹೋದಳು. ಅವನು ತಡೆಯಲಿಲ್ಲ. ಭಾರ ಇಳಿದ ಹಾಗಾಗಿ ಹಗಲಲ್ಲೇ ಮಲಗಿ ನಿದ್ದೆ ಹೋದ.

ಸಂಜೆ ಅವಳು ಚಪ್ಪಲಿ ಬಿಡುತ್ತಲೇ ಹೇಳಿದಳು. ಮಧ್ಯಾಹ್ನ ಟೆಸ್ಟರ್ ಫೋನ್ ಮಾಡಿದ್ದ. ಅವರಿಲ್ಲ, ಏನಿದ್ರೂ ನಂಗೆ ಹೇಳಿ ಎಂದಿದ್ದಳು. ಇವನು ಕೇಳಿದ್ದರಲ್ಲಿ ಅರ್ಧ ಏರಿಸ್ತೀವಿ ಎಂದು ಟೆಸ್ಟರ್ ಹೇಳಿದ್ದ.

"ನೀನೇನಂದೆ?"

"ನೀವು ಶುಕ್ರವಾರ ಏನು ಹೇಳಿದ್ರೋ ಅದೇ ಅಂದೆ. ಇಸ್ತ್ರಿ ಪೆಟ್ಟಿಗೆ ಬಿಸಿಯಾಗಿತ್ತು, ಜಾಸ್ತಿ ಮಾತಾಡೋಕೆ ಪುರುಸೊತ್ತಿರ್ಲಿಲ್ಲ. ಫೋನ್ ಇಟ್ಟೆ. ನಾನು ಹೊರಡೋ ಹೊತ್ತಿಗೆ ಅವರೇ ಮತ್ತೆ ಮಾಡಿದ್ರು. ದರಕ್ಕೆ ಒಪ್ಪಿದ್ದಾರೆ. ಬಸ್ಸಿನ ಖರ್ಚು ಮಾತ್ರ ಆಗಲ್ವಂತೆ. ಅಷ್ಟಕ್ಕೆ ಸರಿ ಅಂದುಬಿಟ್ಟೆ. ತಪ್ಪಾಯ್ತಾ?"

"ಇಲ್ಲ," ಎಂದ. "ನಾನಾಗಿದ್ರೆ ಅರ್ಧಕ್ಕೇ ಒಪ್ಕೊಂಡಿರ್ತಿದ್ದೆ."

ಗುರುವಾರದಿಂದ ಮತ್ತೆ ಆಸ್ಪತ್ರೆಯ ಕಟ್ಟಡಕ್ಕೆ ಹೋದ. ಅದೇ ಪ್ಯಾನೆಲ್, ಅದೇ ಮೊಣಕಾಲು ನೋವು. ತಿಂಗಳ ಕೊನೆಗೆ ಹೊಸ ದರದ ಸಂಬಳವೇ ಬಂತು. ಹಳೆಯ ದಿನಗಳ ಬಾಕಿ ಅವನು ಕೇಳಲಿಲ್ಲ, ಅವರು ಕೊಡಲೂ ಇಲ್ಲ.

ಆಸ್ಪತ್ರೆಯ ಕೆಲಸ ಮುಗಿಯಿತು. ಮುಂಚೆಯಾದರೆ ಹೊಸ ಜಾಗ ತಿಳಿಸಲು ಟೆಸ್ಟರ್ ಫೋನ್ ಮಾಡಿ, ಹತ್ತು ನಿಮಿಷ ಬೆನ್ನಿನ ಕಥೆ ಹೇಳಿ, ಅತ್ತಿಗೆ ಹೇಗಿದ್ದಾರೆ ಎಂದು ಕೇಳುತ್ತಿದ್ದ. ಈ ಸಲ ಮೆಸೇಜ್ ಬಂತು. ವಿಳಾಸ, ಬೆಳಿಗ್ಗೆ ಹಾಜರಾಗಬೇಕಾದ ಹೊತ್ತು, ಕೊನೆಯಲ್ಲಿ "ದಯವಿಟ್ಟು ತಪ್ಪದೆ ಬನ್ನಿ".

ಹೆಂಡತಿಗೆ ತೋರಿಸಿದ. ಅವಳು ಓದಿ ಫೋನ್ ಹಿಂದಿರುಗಿಸಿದಳು.

"ಬೇಜಾರಾಯ್ತಾ?"

"ಗೊತ್ತಿಲ್ಲ. ಸುಸ್ತಾಗಿದೆ."

"ಊಟ ಮಾಡಿ ಮಲ್ಕೊಳ್ಳೋಣ ನಡೀರಿ," ಎಂದಳು. ಹೊರಗೆ ಇನ್ನೂ ಬೆಳಕಿತ್ತು. ಕಿಟಕಿಯ ಪರದೆ ಎಳೆದು ಇಬ್ಬರೂ ತಟ್ಟೆ ಹಾಕಿಕೊಂಡರು.