ಮಾ ಸಂಗ್‌ಸಿಕ್ ಆಡಿದ ಮಾತುಗಳು

ಪ್ಯೊ ಯೊನ್‌ಜು ತನ್ನ ಪ್ರಕಾಶನವನ್ನು ಒಬ್ಬಳೇ ನಡೆಸುತ್ತಾಳೆ. ಮಾಸಾನ್ ಬಂದರಿನ ಹಿಂದಿನ ಓಣಿಯಲ್ಲಿ, ಬಟ್ಟೆ ರಿಪೇರಿ ಅಂಗಡಿಯ ಮೇಲೆ ಒಂದು ಕೋಣೆ. ಬಂದ ಬರಹಗಳನ್ನು ಓದುವುದು, ಕರಡು ತಿದ್ದುವುದು, ಪೆಟ್ಟಿಗೆ ಹೊತ್ತು ಪುಸ್ತಕದಂಗಡಿಗಳಿಗೆ ಅಲೆಯುವುದು ಎಲ್ಲ ಅವಳೇ. ನಾನು ಕಳಿಸಿದ ಪುಸ್ತಕದ ಪ್ರಸ್ತಾವಕ್ಕೆ ಉತ್ತರವಾಗಿ ಅವಳು ಫೋನ್ ಮಾಡಿದಾಗ, ಬೇಡ ಎನ್ನುವುದನ್ನೂ ಬಾಯಿಬಿಟ್ಟು ಹೇಳುವಷ್ಟು ಮರ್ಯಾದೆಯ ಹೆಂಗಸು ಎಂದುಕೊಂಡೆ.

ಪುಸ್ತಕ ನಮ್ಮೂರಿನ ಸಾರ್ವಜನಿಕ ಸ್ನಾನದ ಮನೆಗಳ ಚಿಮ್ನಿಗಳ ಬಗ್ಗೆ. ಈಗ ಯಾವುದರಲ್ಲೂ ಹೊಗೆ ಬರುವುದಿಲ್ಲ, ಒಂದೊಂದಾಗಿ ಕೆಡವುತ್ತಿದ್ದಾರೆ. ಫೋಟೋ ತೆಗೆದವರು ಮಾ ಸಂಗ್‌ಸಿಕ್, ನನಗಿಂತ ದೊಡ್ಡವರು, ನಾನು ಅಣ್ಣ ಎನ್ನುತ್ತಿದ್ದೆ. ವಾರವೆಲ್ಲ ತಮ್ಮ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಿದ್ದರು. ಭಾನುವಾರ ನಾವಿಬ್ಬರೂ ಕ್ಯಾಮೆರಾ ಹಿಡಿದು ಚಿಮ್ನಿ ಹುಡುಕುತ್ತ ಹೋಗುತ್ತಿದ್ದೆವು. ಶಾಲೆಯಲ್ಲಿ ಮೇಷ್ಟ್ರಾಗಿದ್ದವನೆಂದು ಬರೆಯುವುದು ನನ್ನ ಪಾಲು. ಈ ವಸಂತದಲ್ಲಿ ಅಣ್ಣ ಅಂಗಡಿಯ ಬಾಗಿಲು ಎಳೆಯುತ್ತ ಕುಸಿದವರು ಮತ್ತೆ ಏಳಲಿಲ್ಲ. ಪ್ರಸ್ತಾವವನ್ನು ನಾನೊಬ್ಬನೇ ಕಳಿಸಿದೆ.

ಫೋಟೋಗಳು ಚೆನ್ನಾಗಿವೆ, ಬರಹ ಮಾತ್ರ ನಗರಸಭೆಯ ವರದಿಯಂತಿದೆ ಎಂದಳು ಯೊನ್‌ಜು. ಎತ್ತರ, ಕಟ್ಟಿದ ವರ್ಷ, ಮಾಲೀಕನ ಹೆಸರು, ಇದನ್ನು ಯಾರು ಓದುತ್ತಾರೆ ಎಂದು ಕೇಳಿದಳು.

"ಸರ್, ಬರೀ ಚಿಮ್ನಿಗಳ ಪುಸ್ತಕ ಹಾಕಿದ್ರೆ ನಮ್ಮಮ್ಮನೂ ಕೊಂಡ್ಕೊಳಲ್ಲ. ನೀವಿಬ್ರು ದಾರಿಯಲ್ಲಿ ಏನ್ ಮಾತಾಡ್ತಿದ್ರಿ? ಅದನ್ನ ಒಂದು ಅಧ್ಯಾಯ ಬರೆದು ಕಳಿಸಿ, ನೋಡೋಣ."

ನನಗೆ ಮಾತು ಬರುವುದಿಲ್ಲ. ದಾರಿಯಲ್ಲಿ ಮಾತಾಡುತ್ತಿದ್ದವರು ಅಣ್ಣ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯಲು ಕೂತೆ. ಚಿಮ್ನಿಯ ಮುಂದೆ ನಿಂತು ಅದನ್ನೇ ಗದರುತ್ತಿದ್ದರು: "ಉಸಿರು ಬಿಡಪ್ಪ, ಪಾಸ್‌ಪೋರ್ಟಿಗೆ ಕೂತವರ ಹಾಗೆ ಬಿಗಿದುಕೊಂಡಿದ್ದೀಯಲ್ಲ. ಕಿವಿ ಎರಡೂ ಕಾಣಬೇಕು." ಅವರ ಅಪ್ಪನ ಕತೆಯನ್ನೂ ಬರೆದೆ. ಯುದ್ಧದ ಕಾಲದಲ್ಲಿ ಆ ಅಪ್ಪ, ಆಗಿನ್ನೂ ಎಳೆಯ, ಸ್ನಾನದ ಮನೆಯ ಬಾಯ್ಲರ್ ಹಿಂದೆ ಅಡಗಿಕೊಂಡಿದ್ದರಂತೆ. ಕಾದ ಕೊಳವೆ ಬೆನ್ನನ್ನು ಸುಡುತ್ತಿತ್ತು, ಹೊರಗೆ ಬೂಟುಗಳ ಸದ್ದು, ಕೂಗುವ ಹಾಗಿಲ್ಲ. ಅಪ್ಪನ ಮುಪ್ಪಿನಲ್ಲಿ ಆ ಬೆನ್ನನ್ನು ಉಜ್ಜುವಾಗಲೇ ಮಗನಿಗೆ ಇದು ಗೊತ್ತಾದದ್ದು. ಆವಿಯ ನಡುವೆ ನಾನು ಅತ್ತದ್ದು ಯಾರಿಗೂ ತಿಳಿಯಲಿಲ್ಲ ಎಂದಿದ್ದರು ಅಣ್ಣ.

ಅಧ್ಯಾಯ ಓದಿದ ಯೊನ್‌ಜು ಅರ್ಧ ದಿನದಲ್ಲೇ ಫೋನ್ ಮಾಡಿದಳು. ಈ ಮನುಷ್ಯ ಹೀಗೆ ಮಾತಾಡುತ್ತ ಹೋದರೆ ಪುಸ್ತಕ ಮಾಡೇ ಮಾಡುತ್ತೇನೆ ಎಂದಳು. ಇನ್ನು ಬೇಕಾದದ್ದು ಒಂದೇ: ಫೋಟೋಗಳ ಹಕ್ಕು ಈಗ ಅವರ ಹೆಂಡತಿಯದು, ಒಪ್ಪಿಗೆಪತ್ರಕ್ಕೆ ಸಹಿಯ ಬದಲು ಆಕೆಯ ಹೆಸರಿನ ಮೊಹರು ಒತ್ತಿಸಿ ತರಬೇಕು.

ಅಂದು ನನಗೆ ಎಷ್ಟೋ ತಿಂಗಳ ಮೇಲೆ ಸಮಾಧಾನವಾಯಿತು. ಅಣ್ಣನ ಮುಖಕ್ಕೆ ಫೋಟೋ ಇದೆ. ಅವರ ದನಿ ಮಾತ್ರ ನನ್ನ ತಲೆಯಲ್ಲಷ್ಟೇ ಇತ್ತು, ಅಲ್ಲೂ ಸವೆಯುತ್ತಿತ್ತು. ಅದು ಅಚ್ಚಾಗಿ ನಿಲ್ಲುತ್ತದೆ ಎನ್ನುವುದೊಂದೇ ನನಗೆ ಬೇಕಿದ್ದದ್ದು.

ಅತ್ತಿಗೆ ಇಮ್ ಬೊಕ್‌ಸುನ್ ಮೀನು ಮಾರುಕಟ್ಟೆಯ ಪಕ್ಕ ಊಟಕ್ಕೆ ನಂಚಿಕೊಳ್ಳುವ ಪದಾರ್ಥಗಳ ಅಂಗಡಿ ಇಟ್ಟಿದ್ದಾರೆ. ಪ್ರಸ್ತಾವವನ್ನೂ ಅಧ್ಯಾಯವನ್ನೂ ಅವರಿಗೆ ಓದಲು ಕೊಟ್ಟು, ಮುಂದಿನ ವಾರ ಹೋದೆ. ಮಧ್ಯಾಹ್ನದ ಗಿರಾಕಿಗಳು ಕರಗಿದ್ದರು. ಅತ್ತಿಗೆ ಬೋಗುಣಿ ತುಂಬ ಸೋಯಾ ಮೊಳಕೆ ಇಟ್ಟುಕೊಂಡು ಅದರ ಬಾಲ ಮುರಿಯುತ್ತಿದ್ದರು. ನಾನೂ ಎದುರಿಗೆ ಕೂತು ಮುರಿಯತೊಡಗಿದೆ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆ ಮೌನ ನನಗೆ ಹಿತವಾಗಿಯೇ ಇತ್ತು. ಅವರಿಗೆ ಅದು ಬೇರೆಯದೇ ಆಗಿತ್ತೆಂದು ಆಮೇಲೆ ತಿಳಿಯಿತು.

"ಓದಿದೆ ಮೇಷ್ಟ್ರೇ," ಎಂದರು ಕೊನೆಗೆ. "ಯಾರ್ರೀ ಅದು?"

ನನಗೆ ಅರ್ಥವಾಗಲಿಲ್ಲ.

"ಆ ಕಾಗದದಲ್ಲಿ ಒಬ್ರು ಇದ್ದಾರಲ್ಲ, ನಗ್ತಾರೆ, ತಮಾಷೆ ಮಾಡ್ತಾರೆ. ಅವರು ಯಾರು? ನಮ್ಮನೆಯವರು ಊಟ ಆಯ್ತಾ ಅಂದ್ರೆ ಹೂಂ ಅಂತಿದ್ರು. ಸಾಕಾ ಅಂದ್ರೆ ಅದಕ್ಕೂ ಹೂಂ."

ತಮಾಷೆಗೆ ಹೇಳುತ್ತಿದ್ದಾರೆ ಎಂದುಕೊಂಡು ನಾನು ನಕ್ಕೆ. ಅವರು ನಗಲಿಲ್ಲ. ಮಾವನ ಕೊನೆಯ ದಿನಗಳಲ್ಲಿ ಆ ಬೆನ್ನಿಗೆ ಮುಲಾಮು ಹಚ್ಚಿದ್ದು ತಾವೇ ಎಂದರು. ಕಲೆ ನೋಡಿ, ಇದೇನು ಎಂದು ಗಂಡನನ್ನು ಕೇಳಿದ್ದರಂತೆ.

"ಗೊತ್ತಿಲ್ಲ ಅಂದ್ರು. ನನ್ನ ಮುಖ ನೋಡ್ಕೊಂಡೇ ಗೊತ್ತಿಲ್ಲ ಅಂದ್ರು. ನಿಮಗೆ ಹೇಳೋಕೆ ಮಾತ್ರ ಅವರಿಗೆ ಗೊತ್ತಿತ್ತು." ಮೊಳಕೆಯ ಮೇಲೆ ಅವರ ಬೆರಳು ನಿಂತಿತ್ತು. "ನಾನು ಗೋಡೆನ ಮದುವೆ ಆಗಿದ್ದೀನಿ ಅಂತ ಎಲ್ಲರ ಹತ್ರ ಹೇಳ್ಕೊಂಡು ನಗ್ತಿದ್ದೆ. ಆ ಗೋಡೆಗೆ ನಿಮ್ಮ ಕಡೆ ಬಾಗಿಲಿತ್ತು ಅಂತ ಈಗ ಗೊತ್ತಾಗ್ತಿದೆ. ಒಂದು ವಾರದಿಂದ ನಿದ್ದೆ ಇಲ್ಲ ಮೇಷ್ಟ್ರೇ. ಸತ್ತಾಗಲೂ ಹೀಗಾಗಿರಲಿಲ್ಲ."

ಅವರು ಅಳಲಿಲ್ಲ. ಮತ್ತೆ ಮೊಳಕೆ ಮುರಿಯತೊಡಗಿದರು. ಈಗ ಬಾಲದ ಬದಲು ತಲೆಯನ್ನೇ ಮುರಿದು ಹಾಕುತ್ತಿದ್ದರು. ಅದು ಅವರ ಗಮನಕ್ಕೆ ಬಂದಿರಲಿಲ್ಲ. ಹೇಳಬಹುದಾದ ನಿಜಗಳು ನನ್ನ ಹತ್ತಿರ ಕೆಲವು ಇದ್ದವು. ನಡೆಯುವಾಗ ಮಾತು ಸಲೀಸು; ದಿನವೂ ಮುಖ ನೋಡಬೇಕಾಗಿಲ್ಲದವನ ಮುಂದೆ ಇನ್ನೂ ಸಲೀಸು. ಆದರೆ ಇವು ಯಾವುವೂ ಅವರಿಗೆ ನಿದ್ದೆ ತರುವ ಮಾತುಗಳಾಗಿರಲಿಲ್ಲ.

"ಅದೆಲ್ಲ ನಾನೇ ಕಟ್ಟಿದ್ದು ಅತ್ತಿಗೆ," ಎಂದೆ.

ಅವರು ತಲೆಯೆತ್ತಿದರು.

ಪ್ರಕಾಶಕಿ ಬರಹ ಒಣಗಿದೆ ಎಂದಳು, ಜೀವ ಬರಲಿ ಎಂದು ಮಾತು ಸೇರಿಸಿದೆ ಎಂದೆ. ಹಿಂದೊಮ್ಮೆ ಅಪ್ಪ ಮಗನ ಜೊತೆ ನಾನೂ ಸ್ನಾನಕ್ಕೆ ಹೋದಾಗ ಕಲೆ ಕಂಡಿದ್ದೆ, ಉಳಿದದ್ದು ನನ್ನ ಊಹೆ ಎಂದೆ. ಸುಳ್ಳು ಇಷ್ಟು ಸರಾಗವಾಗಿ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಹಾಗಾದರೆ ಭಾನುವಾರವೆಲ್ಲ ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ಸುಮ್ಮನೆ ನಡೆಯುತ್ತಿದ್ದೆವು ಎಂದೆ.

"ನಿಮ್ಮ ಹತ್ರನೂ ಹೂಂನೇನಾ?"

"ಹೂಂ."

ಅತ್ತಿಗೆ ನಕ್ಕುಬಿಟ್ಟರು. ಭುಜಗಳು ಸಡಿಲವಾದವು. ಎದ್ದು ಹೋಗಿ ಒಂದು ಬಟ್ಟಲು ಮೀನಿನ ಸಾರು, ಅನ್ನ ತಂದಿಟ್ಟರು, ಹೆಂಡತಿ ಇಲ್ಲದ ಗಂಡಸಿನ ಕೆನ್ನೆ ನೋಡಿದರೇ ತಿಳಿಯುತ್ತದೆ, ತಿನ್ನಿ ಎಂದು ಗದರಿದರು. ನಾನು ತಿನ್ನುತ್ತಿದ್ದಾಗ ಮೊಹರು ತೆಗೆದು ಒಪ್ಪಿಗೆಪತ್ರಕ್ಕೆ ಒತ್ತಿದರು. ಫೋಟೋಗಳನ್ನು ಬೇಕಾದ ಹಾಗೆ ಹಾಕಿಕೊಳ್ಳಿ ಎಂದರು.

"ಆದ್ರೆ ಮಾತು ಬೇಡ ಮೇಷ್ಟ್ರೇ. ಬದುಕಿರುವಾಗ ಆಡದೇ ಇದ್ದದ್ದನ್ನ ಸತ್ತ ಮೇಲೆ ಅವರ ಬಾಯಿಗೆ ಹಾಕೋದು ತಪ್ಪಲ್ವಾ?"

ತಪ್ಪು ಎಂದು ಒಪ್ಪಿಕೊಂಡೆ. ಮಾತಿಲ್ಲದೆ ಯೊನ್‌ಜು ಪುಸ್ತಕ ಮಾಡುವುದಿಲ್ಲ ಎನ್ನುವುದು ಇಬ್ಬರಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ಹೊರಡಲು ಎದ್ದವನಿಗೆ ಒಂದು ಆಸೆ ಹುಟ್ಟಿತು. ಅಣ್ಣ ಒಂದು ಸಲ ಅತ್ತಿಗೆಯ ಬಗ್ಗೆ ಹೇಳಿದ್ದರು. ಕೊನೆಯ ಅಧ್ಯಾಯಕ್ಕೆಂದು ಅದನ್ನು ಬರೆಯದೆ ಉಳಿಸಿಕೊಂಡಿದ್ದೆ. ಎಲ್ಲವೂ ಹೋದರೂ ಇದೊಂದು ಅವರಿಗೆ ಸೇರಬೇಕು ಎನಿಸಿತು. ಅಣ್ಣ ಒಂದೇ ಒಂದು ಮಾತು ನಿಜವಾಗಿ ಆಡಿದ್ದರು ಎಂದೆ. ಅತ್ತಿಗೆ ಮದುವೆಗೆ ಮುಂಚೆ ಕಾರ್ಖಾನೆಯ ಕೆಲಸಕ್ಕೆಂದು ಫೋಟೋ ತೆಗೆಸಲು ಬಂದ ದಿನ, ಸ್ನಾನದ ಮನೆಯಿಂದ ನೇರವಾಗಿ ಬಂದದ್ದು, ಕೂದಲು ಒದ್ದೆ, ಹೊರಗೆ ಹೆಪ್ಪುಗಟ್ಟುವ ಚಳಿ. ಒಣಗಲಿ ಎಂದು ಒಲೆಯ ಹತ್ತಿರ ಕೂರಿಸಿದರು. ಒಣಗಿದ ಮೇಲೂ ಕಳಿಸಲು ಮನಸ್ಸಾಗದೆ, ಫ್ಲಾಶ್ ಕೆಟ್ಟಿದೆ, ಸ್ವಲ್ಪ ತಾಳಿ ಎಂದರು. ಫ್ಲಾಶ್ ಚೆನ್ನಾಗಿಯೇ ಇತ್ತು.

ಅತ್ತಿಗೆ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟು ಕಿವಿಗೊಟ್ಟರು. ಅವರ ಕೆನ್ನೆಯ ಮೇಲೆ ಏನೋ ಸುಳಿದು ಹೋಯಿತು. ಆಮೇಲೆ, ಹಟ ಮಾಡುವವರನ್ನು ರಮಿಸುವ ಹಾಗೆ, ನನ್ನ ತೋಳನ್ನು ಮೆಲ್ಲಗೆ ತಟ್ಟಿದರು.

"ಚೆನ್ನಾಗಿ ಕಟ್ತೀರಿ ಮೇಷ್ಟ್ರೇ. ಆ ಫ್ಲಾಶಿನ ಕತೆ ಯಾವುದೋ ಹಬ್ಬದ ಊಟದಲ್ಲಿ ನಾನೇ ನಿಮಗೆ ಹೇಳಿರ್ಬೇಕು. ಅದು ಕೆಟ್ಟೇ ಇತ್ತು ಕಣ್ರೀ. ನಾನು ಅಲ್ಲೇ ಕೂತಿದ್ದೆ, ಬೈಕೊಂಡು ಬೈಕೊಂಡು ರಿಪೇರಿ ಮಾಡ್ತಿದ್ರು."

ನಿಜ ಎಂದು ಹಟ ಹಿಡಿಯಬಹುದಿತ್ತು. ಆದರೆ ಇದು ನಿಜವಾದರೆ ಬೆನ್ನಿನ ಕಲೆಯ ಕತೆಯೂ ನಿಜವಾಗಬೇಕಿತ್ತು, ಭಾನುವಾರದ ಮಾತುಗಳೂ. ನಾನು ಚಪ್ಪಲಿ ಮೆಟ್ಟಿಕೊಂಡೆ. ಅತ್ತಿಗೆ ಮೊಳಕೆಯ ಪಲ್ಯವನ್ನು ಡಬ್ಬಿಗೆ ತುಂಬಿ ಕೈಗಿತ್ತರು, ಆಗಾಗ ಬನ್ನಿ ಎಂದರು. ಅವರ ದನಿ ಹಗುರವಾಗಿತ್ತು.

ಮರುದಿನ ಯೊನ್‌ಜುಗೆ ಬರೆದೆ: ಪ್ರಸ್ತಾವವನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಮಾದರಿ ಅಧ್ಯಾಯದಲ್ಲಿರುವ ಮಾತುಗಳು ಶ್ರೀ ಮಾ ಸಂಗ್‌ಸಿಕ್ ಅವರವಲ್ಲ, ನನ್ನ ಕಲ್ಪನೆ.

ಸಂಜೆ ಅವಳು ಫೋನ್ ಮಾಡಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. ಕೆಳಗಿನ ಅಂಗಡಿಯ ಹೊಲಿಗೆ ಯಂತ್ರದ ಸದ್ದು ಫೋನಿನಲ್ಲಿ ಕೇಳುತ್ತಿತ್ತು.

"ಬೇಜಾರಾಯ್ತು ಸರ್," ಎಂದಳು. "ಅಂಥ ಒಬ್ಬ ಮನುಷ್ಯ ನಿಜವಾಗ್ಲೂ ಇದ್ರು ಅಂತ ನಂಬಿಬಿಟ್ಟಿದ್ದೆ."

ಕ್ಷಮಿಸಿ ಎಂದೆ.