ದೆಲ್ಫೀನೊನ ಎಡಗೈ ಗವಸು

ದೆಲ್ಫೀನೊ ಘಿಬೌದೊ ಎಡಗೈಯ ಗವಸು ಕಳಚಿದ್ದನ್ನು ನಮ್ಮ ಮೋಟಾರ್‌ಸೈಕಲ್ ಸಂಘದವರು ಹತ್ತು ವರ್ಷ ಕಂಡಿರಲಿಲ್ಲ. ಆಗಸ್ಟಿನ ಉರಿಬಿಸಿಲಲ್ಲೂ ಅದು ಕೈ ಬಿಟ್ಟು ಕದಲುತ್ತಿರಲಿಲ್ಲ. ಕಾಫಿ, ಬ್ರಿಯೋಶ್ ಬನ್ನು, ಹಸ್ತಲಾಘವ ಎಲ್ಲ ಬಲಗೈಯ ಪಾಲು, ಎಡಗೈ ಮಾತ್ರ ಜೇಬಿನೊಳಗೆ ಮನೆಯ ಅಳಿಯನಂತೆ ಕೂತಿರುತ್ತಿತ್ತು. ಹಳೆಯ ಪ್ರೇಯಸಿಯ ಹೆಸರಿನ ಹಚ್ಚೆ ಇರಬೇಕೆಂದು ಬೇಕರಿಯ ಲೊರೆದಾನಾ ಕೆಣಕಿದರೆ, ಅವನು ಮೀಸೆಯೊಳಗೇ "ಹೂಂ" ಎನ್ನುವನು. ನಾವು ಬರೀ ಭಾನುವಾರದ ಗೆಳೆಯರು. ಹೆಚ್ಚು ಕೇಳುವ ಸಲುಗೆ ಇರಲಿಲ್ಲ.

ಟೋಲ್ ಗೇಟನ್ನು ತಾನಾಗಿ ತೆರೆಸುವ ಪುಟ್ಟ ಡಬ್ಬಿಯನ್ನು ನಮ್ಮಲ್ಲಿ ಮೊದಲು ಕೊಂಡವನು ಅವನೇ. ಅದಕ್ಕೆಂದೇ ತನ್ನ ತೇಪೆ ಬಿದ್ದ ಚರ್ಮದ ಜಾಕೆಟ್ಟಿನ ಎದೆಗೊಂದು ಜೇಬು ಹೊಲಿಸಿಕೊಂಡಿದ್ದ. ಅದರ ಬೆನ್ನಿಗೇ ಶಾಸನಗಳೂ ಹೊರಟವು. "ಎದೆ ಮೇಲೇ ಇಟ್ಕೊಳ್ರಪ್ಪಾ, ಸ್ಟೀಲ್ ಪೆಟ್ಟಿಗೇಲಿ ಹಾಕಿದ್ರೆ ಗೇಟಿಗೇನು ಕನಸು ಬೀಳುತ್ತಾ? ಒಂದ್ಸಲ ಗೇಟ್ ಎದ್ರೆ ಒಬ್ರೇ!" ಇಬ್ಬರು ಒಟ್ಟಿಗೆ ನುಸುಳಿದರೆ ದಿನವಿಡೀ ಮುಖ ಗಂಟಿಕ್ಕುವನು. ಲೊರೆದಾನಾ ಒಮ್ಮೆ ಗಂಡನ ಬೈಕಿನ ಡಬ್ಬಿ ತಂದಾಗ, ಈ ಗಾಡಿಯ ನಂಬರಿಗೆ ಅದು ಸಲ್ಲದೆಂದು ಹಟ ಹಿಡಿದು ಅವಳಿಂದ ಗೇಟಿನ ಯಂತ್ರದ ಟೋಲ್ ಚೀಟಿ ತೆಗೆಸಿದ್ದ. ಅವನ ಉಪದೇಶ ನಮಗೆ ನಿಜಕ್ಕೂ ರೇಜಿಗೆ ಹಿಡಿಸಿತ್ತು.

ಆ ನವೆಂಬರಿನ ಬೆಳಿಗ್ಗೆ ಸವೋನದ ಸಮುದ್ರಕ್ಕೆ ಹೊರಟಿದ್ದೆವು. ಮೊಂದೊವಿಯ ಟೋಲ್ ಗೇಟು ದಾಟಿ ಆಚೆ ನಿಂತು ತಿರುಗಿ ನೋಡುತ್ತೇನೆ, ದೆಲ್ಫೀನೊನ ಮುಂದೆ ಅಡ್ಡಪಟ್ಟಿ ಮಲಗಿಯೇ ಇದೆ! ಜಾಕೆಟ್ಟಿನ ಜಿಪ್ಪು ಕಿತ್ತುಹೋಗಿ ಹೊಸದನ್ನು ತೊಟ್ಟು ಬಂದಿದ್ದ. ಅದಕ್ಕೆ ಎದೆಯ ಜೇಬಿರಲಿಲ್ಲ. ಡಬ್ಬಿಯನ್ನು ಹಿಂದಿನ ಸ್ಟೀಲ್ ಪೆಟ್ಟಿಗೆಗೆ ಹಾಕಿ ಮರೆತಿದ್ದ. ನಾವು ನಕ್ಕೆವು, ಸುಳ್ಳೇಕೆ ಹೇಳಲಿ. ಹಿಂದಿನ ಕಾರುಗಳು ಹಾರ್ನ್ ಬಾರಿಸತೊಡಗಿದವು.

ಅವನ ಬೆನ್ನಿಗಿದ್ದ ಲೊರೆದಾನಾ ಬೈಕನ್ನು ಪಕ್ಕಕ್ಕೆ ತಂದಳು. "ನನ್ನ ಡಬ್ಬಿಗೆ ಗೇಟ್ ಏಳುತ್ತೆ, ಜೊತೇಲೇ ನುಗ್ಗಿಬಿಡೋ ಮಾರಾಯ."

"ಹತ್ತು ವರ್ಷ ನಿಮ್ಮ ತಲೆ ತಿಂದೋನು ನಾನೇ ತಾನೆ? ಹಿಂದೆ ಸರಿ."

ಚೀಟಿ ಕೊಡುವ ಯಂತ್ರವಿದ್ದದ್ದು ಎಡಕ್ಕೆ. ಇಳಿಜಾರು, ಬಲಗೈ ಬ್ರೇಕು ಬಿಡುವಂತಿಲ್ಲ, ಇಳಿದು ಹಿಂದಿನ ಪೆಟ್ಟಿಗೆ ತೆರೆಯುವಂತೆಯೂ ಇಲ್ಲ. ಚಳಿಗಾಲದ ದಪ್ಪ ಗವಸಿನಲ್ಲಿ ಆ ತೆಳು ಚೀಟಿ ಯಾರಿಗೂ ದಕ್ಕದು. ಅವನು ಒಂದು ಗಳಿಗೆ ಯಂತ್ರವನ್ನೂ ನಮ್ಮನ್ನೂ ನೋಡಿದ. ಆಮೇಲೆ ಹೆಲ್ಮೆಟ್ಟಿನ ಗಾಜು ಎತ್ತಿ, ಗವಸಿನ ತುದಿಯನ್ನು ಹಲ್ಲಿನಿಂದ ಕಚ್ಚಿ ಎಳೆದು ಮಡಿಲಿಗೆ ಬಿಟ್ಟ. ಕೊನೆಯ ಎರಡು ಬೆರಳುಗಳಿರಬೇಕಾದ ಜಾಗದಿಂದ ಉಣ್ಣೆಯ ಉಂಡೆಗಳು ಉದುರಿದವು. ಎಂದೋ ಗರಗಸಕ್ಕೆ ಸಿಕ್ಕ ಕೈ, ಮೂರೇ ಬೆರಳು. ನಮ್ಮ ನಗು ಬಾಯಲ್ಲೇ ಆರಿತು. ಆ ಡಬ್ಬಿಯನ್ನು ಅವನು ಎಲ್ಲರಿಗಿಂತ ಮೊದಲು ಏಕೆ ಕೊಂಡನೆಂಬುದು ಆಗ ಹೊಳೆದು, ನನಗೆ ನಾಚಿಕೆಯಾಯಿತು.

ಅವಸರಪಡದೆ ಚೀಟಿ ಎಳೆದು, ಹಲ್ಲಲ್ಲಿ ಕಚ್ಚಿಕೊಂಡು, ಎದ್ದ ಗೇಟಿನಡಿ ಒಬ್ಬನೇ ಬಂದ. "ಸ್ಟೀಲ್ ಪೆಟ್ಟಿಗೇಲಿ ಇಟ್ಟಿದ್ದೆ," ಎಂದ. "ನಗ್ರೋ, ಯಾಕೆ ನಿಲ್ಸಿದ್ರಿ?" ಸವೋನದಲ್ಲಿ ಬಿಸಿ ಫೊಕಾಚ್ಚ ರೊಟ್ಟಿಯನ್ನು ಎರಡೂ ಬರಿಗೈಯಲ್ಲಿ ಮುರಿದು ನನಗೂ ಒಂದು ತುಂಡು ಕೊಟ್ಟ.

ನಿಯಮ ಹಿಡಿದು ಜಗ್ಗುವವರನ್ನು ಕಂಡರೆ ಈಗಲೂ ನನಗೆ ರೇಗುತ್ತದೆ. ಆದರೆ ಅಂಥವರ ತೂಕ ತಿಳಿಯಬೇಕಾದರೆ ತಪ್ಪು ಅವರದೇ ಆಗುವ ದಿನದವರೆಗೆ ಕಾಯಬೇಕು. ನಮ್ಮಂಥವರು ಅಂದು ಅಕ್ಕಪಕ್ಕದ ಸಂದಿ ಹುಡುಕುತ್ತೇವೆ. ಅವರು ಗವಸು ಕಳಚುತ್ತಾರೆ.