ನಿಲ್ಲಿಸಿದರೂ ನಿಲ್ಲದ್ದು

ನಿಲ್ಲಿಸಿದ ಮರುಕ್ಷಣವೇ ಅದು ಮತ್ತೆ ಎದ್ದು ಕುಳಿತಿತು. ನಿಶಿತಾ ಇನ್ನೊಮ್ಮೆ ಕಮಾಂಡ್ ಕೊಟ್ಟು ನೋಡಿದಳು. ಪರದೆಯ ಮೇಲೆ ಅದೇ ಹೆಸರು, ಪಕ್ಕದ ನಂಬರ್ ಮಾತ್ರ ಹೊಸದು.

ದೆಹಲಿಯ ದ್ವಾರಕಾದ ಮನೆಯ ಕಂಪ್ಯೂಟರ್ ಯಾಕೋ ತೆವಳುತ್ತಿದೆಯೆಂದು, ಲಿನಕ್ಸ್‌ನ ಹಿನ್ನೆಲೆಯಲ್ಲಿ ಏನೇನು ಓಡುತ್ತಿದೆಯೋ ನೋಡಲು ಕೂತವಳು. ಕಣ್ಣಿಗೆ ಬಿದ್ದದ್ದು ‘ಅಪ್‌ಡೇಟ್ ಚೆಕ್’ ಎಂಬ ಅಮಾಯಕ ಹೆಸರಿನ ಪ್ರೋಗ್ರಾಂ. ಕೆದಕಿದರೆ ಅದಕ್ಕೂ ಅಪ್‌ಡೇಟಿಗೂ ಸಂಬಂಧವೇ ಇಲ್ಲ; ಒಂದು ಫೋನ್ ಮನೆಯ ವೈಫೈಗೆ ಯಾವಾಗ ಬಂತು, ಯಾವಾಗ ಹೋಯಿತು ಎಂದು ಕಾಯುತ್ತಾ ಕೂತಿತ್ತು. ಯಾರ ಫೋನೆಂದು ನೋಡುವಷ್ಟು ತಾಳ್ಮೆ ಅವಳಿಗೆಲ್ಲಿತ್ತು? ಈ ಕಂಪ್ಯೂಟರ್ ಮುಟ್ಟುವವರು ಇಬ್ಬರೇ. ಮೊನ್ನೆ ಗಂಡ ಸಾಕೇತ್ “ಇವತ್ತೂ ಲೇಟಾ?” ಎಂದು ಕೇಳಿದ್ದಕ್ಕೂ ಈಗ ಬೇರೆಯೇ ವಾಸನೆ ಬಂತು.

“ಸಾಕೇತ್, ಬಾ ಇಲ್ಲಿ.”

ಇಸ್ತ್ರಿ ಭಯ್ಯಾಗೆ ಬಟ್ಟೆ ಕೊಟ್ಟು ಬಾಗಿಲು ಹಾಕಿದ ಸಾಕೇತ್ ಬಂದು ನಿಂತ.

“ನನ್ನ ಫೋನ್ ಹಿಂದೆ ಬಿದ್ದಿದೀಯಾ? ಎಷ್ಟು ದಿನದಿಂದ ನಡೀತಿದೆ ಇದು?”

ಅವನು ಬಗ್ಗಿ ನೋಡಿದ. ಮುಖದಲ್ಲಿ ಒಂದಿಷ್ಟೂ ಆಶ್ಚರ್ಯವಿರಲಿಲ್ಲ.

“ಅದನ್ನ ಕೊಂದು ಏನ್ ಪ್ರಯೋಜನ? ಎಬ್ಬಿಸ್ತಿರೋದು ಯಾರು ನೋಡು. ಅದರ ಪೇರೆಂಟ್ ಪ್ರೋಗ್ರಾಂ ನೋಡು.”

ನೋಡಿದಳು. ಇದು ಸತ್ತರೆ ಮತ್ತೆ ಎಬ್ಬಿಸುವುದಷ್ಟೇ ಕೆಲಸವಾಗಿದ್ದ ಇನ್ನೊಂದು ಪುಟ್ಟ ಪ್ರೋಗ್ರಾಂ. ಅದು ಇದ್ದದ್ದು ಅವಳದೇ ಫೋಲ್ಡರಿನಲ್ಲಿ.

ಆಗ ನೆನಪಾಯಿತು. ಸಾಕೇತ್ ಮಾನೇಸರಿನ ಕಾರ್ಖಾನೆ ಸೇರಿ ಹೊತ್ತುಗೊತ್ತಿಲ್ಲದೆ ಮನೆಗೆ ಬರತೊಡಗಿದ್ದ ಕಾಲ ಅದು. ಅನುಮಾನ ತಲೆಗೇರಿ ಎರಡನ್ನೂ ಅವಳೇ ಬರೆದಿದ್ದಳು, ಅವನ ಕಣ್ಣಿಗೆ ಬೀಳದಿರಲೆಂದು ಅಮಾಯಕ ಹೆಸರಿಟ್ಟಿದ್ದಳು. ಆಮೇಲೆ ನಾಚಿಕೆಯಾಗಿ ನಿಲ್ಲಿಸಿಯೂ ಇದ್ದಳು, ಮೇಲಿನ ಕಾವಲುಗಾರನನ್ನು ಮರೆತು. ಮೊದಲು ಪೇರೆಂಟ್ ನಿಲ್ಲಿಸಿ ಎಂದು ಆಫೀಸಿನ ಹೊಸಬರಿಗೆಲ್ಲ ಪಾಠ ಹೇಳುವವಳು ಅವಳೇ.

“ಹಾಗಾದ್ರೆ ಫೋನು...”

“ನಂದೇ.”

“ನಿಂಗೆ ಗೊತ್ತಿತ್ತಾ?”

“ದೀಪಾವಳಿಯಿಂದ.”

“ನೀನೇ ನಿಲ್ಲಿಸಬಹುದಿತ್ತಲ್ಲ!”

“ನಿಲ್ಲಿಸಿದ್ರೆ ಏನೋ ಮುಚ್ಚಿಡ್ತಿದಾನೆ ಅಂತ ನೀನು ಅಂದ್ಕೋತಿದ್ದೆ. ಇರ್ಲಿ ಅಂತ ಬಿಟ್ಟೆ.”

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನಿಶಿತಾಳಿಗೆ. ಮೊದಲು ಪೇರೆಂಟನ್ನು, ಆಮೇಲೆ ಅದನ್ನು ನಿಲ್ಲಿಸಿದಳು. ಪರದೆಯ ಮೇಲೆ ಎರಡರ ಹೆಸರೂ ಇರಲಿಲ್ಲ.

“ಹೋಯ್ತು,” ಎಂದಳು.

“ಅಚ್ಛಾ,” ಎಂದ ಸಾಕೇತ್. ಆದರೆ ಅಲ್ಲಿಂದ ಕದಲಲಿಲ್ಲ. ಕುರ್ಚಿಯ ಬೆನ್ನು ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತಿದ್ದ.

“ಇನ್ನೊಂದ್ಸಲ ನೋಡು,” ಎಂದ.

ಅವಳು ಮತ್ತೆ ಟೈಪ್ ಮಾಡಿದಳು. ಇಬ್ಬರೂ ಪರದೆಯ ಹತ್ತಿರಕ್ಕೆ ಬಗ್ಗಿದರು.